ಕಥೆ ಕೇಳುವವನ ಕಾಲ್ಗುಣ

ಮೊನ್ನೆಯಿಂದ ನಮ್ಮ ಅಟ್ಟದಲ್ಲೆಲ್ಲೋ ಇಲಿ ಸತ್ತ ವಾಸನೆ. ನನ್ನಾಕೆ ಊದುಬತ್ತಿ ಹಚ್ಚುತ್ತಾಳೆ, ಫಿನಾಯಿಲ್ ಸುರಿಯುತ್ತಾಳೆ, ನಡುನಡುವೆ ನನ್ನನ್ನೂ ಬೈಯುತ್ತಾಳೆ. ಇಲಿ ಮಾತ್ರ ಸಿಕ್ಕಿಲ್ಲ. ನಿಮಗೆ ಇದು ಬರೀ ಮೂಗು ಮುಚ್ಚಿಕೊಳ್ಳುವ ವಿಷಯ. ನಮ್ಮ ಕಡೆಯ ಹಳಬರಿಗೆ ಹಾಗಲ್ಲ. ಮನೆಯೊಳಗೆ ಇಲಿ ಸತ್ತು ಬಿತ್ತೆಂದರೆ ಪ್ಲೇಗು ಬಂತೆಂದೇ ಅರ್ಥ. ಒಲೆಯ ಮೇಲಿನ ಅನ್ನವನ್ನೂ ಬಿಟ್ಟು ಓಡಿ, ಊರಾಚೆ ಸೋಗೆಯ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇದನ್ನೆಲ್ಲ ನಾನು ಕಂಡವನಲ್ಲ, ಕೇಳಿದವನು. ಕೇಳುವುದನ್ನೇ ಕಸುಬು ಮಾಡಿಕೊಳ್ಳಲು ಹೊರಟಿದ್ದ ಮಹಾನುಭಾವ.

ಎಪ್ಪತ್ತರ ದಶಕದ ಕೊನೆಯ ಮಾತು. ಕಡೂರಿನಲ್ಲಿದ್ದ ಮೇಷ್ಟರ ಕೆಲಸ ಬಿಟ್ಟು, ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು, ಮುದುಕರ ಬಾಯಿಂದಲೇ ಈ ಸೀಮೆಯ ಇತಿಹಾಸ ಬರೆಯುತ್ತೇನೆಂದು ಹೊರಟೆ. ಅಪ್ಪ ಕೇಳಿದ್ದು ಒಂದೇ ಮಾತು: "ಇತಿಹಾಸ ಬರೀತೀಯ, ಸರಿ. ಸಂಬಳ ಯಾವ ರಾಜ ಕೊಡ್ತಾನೋ?" ಮೊದಲು ಪತ್ರಿಕೆಗಳಿಗೆ ಲೇಖನ, ಆಮೇಲೊಂದು ಪುಸ್ತಕ, ಅದನ್ನು ಓದಿ ಯಾರಾದರೂ ಕರೆದು ಕೆಲಸ ಕೊಡುತ್ತಾರೆ ಎಂಬುದು ನನ್ನ ಅಂದಾಜು. ಹಿರೇನಲ್ಲೂರಿನ ಕಡೆ ನನ್ನ ಚೀಲ ಕಂಡವರು ಸರ್ವೆಯವನೆಂದುಕೊಂಡು ಖಾತೆ ಬದಲಾವಣೆಯ ತಕರಾರು ಹೇಳಿಕೊಂಡರು. ಪುಣ್ಯಕ್ಕೆ ಮಜ್ಜಿಗೆಯನ್ನೂ ಕೊಟ್ಟರು.

ನನಗೆ ಬೇಕಾದವರು ಪ್ಲೇಗು ಕಂಡವರು. ಹಾಗಾಗಿ ಯಾವ ಊರಿಗೆ ಹೋದರೂ, "ಇಲ್ಲಿ ಎಲ್ಲರಿಗಿಂತ ವಯಸ್ಸಾದವರು ಯಾರು?" ಎಂದೇ ಶುರು ಮಾಡುತ್ತಿದ್ದೆ. ಅಂಥವರು ಇನ್ನೆಷ್ಟು ದಿನ ಇರುತ್ತಾರೆ, ನೀವೇ ಹೇಳಿ! ಕಡೂರಿನ ಕಡೆ ಒಬ್ಬರು, ತರೀಕೆರೆಯಲ್ಲಿ ಮತ್ತೊಬ್ಬರು, ಹೀಗೆ ನಾನು ಮಾತಾಡಿಸಿದವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು. ನಾನು ಬಸ್ಸಿಳಿಯುವ ಮೊದಲೇ ಸುದ್ದಿ ಊರು ಸೇರುತ್ತಿತ್ತು. "ಆವಯ್ಯನ ಕಾಲ್ಗುಣ ಸರಿಯಿಲ್ಲ ಕಣ್ರೀ. ಮಿಷನ್ನು ಮಾತು ಎಳ್ಕೊಂಡ್ರೆ ಜೀವಾನೂ ಎಳ್ಕೊಂಡ್ಬಿಡ್ತದಂತೆ." ಮೊದಲ ಸಲ ಕೇಳಿದಾಗ ನಕ್ಕುಬಿಟ್ಟೆ. ನನ್ನನ್ನು ಕಂಡೊಡನೆ ಜಗಲಿಯ ಮೇಲಿನ ಅಜ್ಜಂದಿರು ಎದ್ದು ಒಳಗೆ ಹೋಗತೊಡಗಿದ ಮೇಲೆ ನಗು ಬರಲಿಲ್ಲ.

ಬುಕ್ಕಾಂಬುಧಿಯ ಹತ್ತಿರದ ಒಂದು ಹಳ್ಳಿಯಲ್ಲಿ ಗಂಗಜ್ಜಿ ಅಂತ ಇದ್ದರು. ಪ್ಲೇಗಿಗೆ ಆ ಊರು ಬಿಟ್ಟಿದ್ದನ್ನು ಕಂಡವರಲ್ಲಿ ಉಳಿದಿದ್ದವರು ಅವರೊಬ್ಬರೇ. ಮಗ ಬಸವರಾಜಪ್ಪ ಬಾಗಿಲಿಗೆ ಅಡ್ಡ ನಿಂತರು. "ನೀವು ಒಳ್ಳೇವ್ರೇ ಮೇಷ್ಟ್ರೇ. ಆದ್ರೆ ನಮ್ಮವ್ವ ಇನ್ನೊಂದಷ್ಟು ದಿನ ಇರ್ಲಿ. ಹೋಗ್ಬನ್ನಿ." ಹೆತ್ತವಳನ್ನು ಕಾಯುವವನ ಮೇಲೆ ಸಿಟ್ಟು ಮಾಡುವುದು ಹೇಗೆ? ವಾಪಸ್ಸು ಬಂದೆ.

ಕೆಲವು ದಿನ ಕಳೆದು, ಅಜ್ಜಂಪುರದ ನನ್ನ ಬಾಡಿಗೆ ಕೋಣೆಯ ಮುಂದೆ ಅಜ್ಜಿಯೇ ಬಂದು ಕೂತಿದ್ದರು. ಸಂತೆಗೆಂದು ಮಗನಿಗೆ ಹೇಳಿ ಬಸ್ಸು ಹತ್ತಿದ್ದರಂತೆ.

"ನಿನ್ ಹತ್ರ ಹೇಳ್ಕೊಂಡೋರು ಸತ್ತೋಗ್ತಾರಂತಲ್ಲೋ?"

"ಹಾಗಂತಾರೆ ಅಜ್ಜಿ."

"ಸಾಯ್ಲಿ ಬಿಡು. ಹೇಳ್ದೇ ಸಾಯೋಕಾಗಲ್ಲ ನಂಗೆ."

ಇವರು ಹೇಳಿಹೋದ ಮೇಲೆ ಏನಾದರೂ ಹೆಚ್ಚುಕಮ್ಮಿಯಾದರೆ ಈ ಸೀಮೆಯಲ್ಲಿ ನನಗೆ ಇನ್ನೊಂದು ಬಾಗಿಲು ತೆರೆಯುವುದಿಲ್ಲ, ನನ್ನ ಕಸುಬಿನ ಕಥೆ ಅಲ್ಲಿಗೇ ಮುಗಿಯಿತು. ಆದರೂ ಚಾಪೆ ಹಾಸಿದೆ, ಗುಂಡಿ ಒತ್ತಿದೆ.

ಊರು ಬಿಡುವ ಹೊತ್ತಿಗೆ ಅಜ್ಜಿಯ ತಂಗಿ ಕೆಂಚಿಗೆ ಜ್ವರ, ಕಂಕುಳಲ್ಲಿ ಗಡ್ಡೆ. ಮಿಕ್ಕ ಮಕ್ಕಳಾದರೂ ಉಳಿಯಲಿ ಎಂದು ಅಪ್ಪ ಅವಳನ್ನು ಒಳಗೇ ಮಲಗಿಸಿ, ತಲೆದೆಸೆಗೆ ಒಂದು ತಂಬಿಗೆ ನೀರಿಟ್ಟು, ಬಾಗಿಲೆಳೆದುಕೊಂಡರಂತೆ. "ಅಕ್ಕಾ, ಅಕ್ಕಾ ಅಂತ ಕೂಗ್ತಿದ್ಲು ಕಣಪ್ಪಾ. ಅವ್ವ ನನ್ ಕೈ ಬಿಡ್ಲೇ ಇಲ್ಲ. ನಾನೂ ಬಿಡಿಸ್ಕೊಳ್ಲಿಲ್ಲ." ಮತ್ತೆ ಊರಿಗೆ ಬಂದ ಮೇಲೆ ಆ ಮನೆಯಲ್ಲಿ ಯಾರೂ ಆ ಹೆಸರೆತ್ತಲಿಲ್ಲ. ಎತ್ತಕೂಡದೆಂದು ಅಪ್ಪನ ಕಟ್ಟಪ್ಪಣೆ. ಹೆತ್ತ ಮಗನಿಗೂ ಅಜ್ಜಿ ಹೇಳಿರಲಿಲ್ಲ. "ಕೆಂಚಿ ಅಂತ ಒಬ್ಳಿದ್ಲು ಅಂತ ಯಾರಾದ್ರೂ ಓದ್ಲಿ. ಇನ್ನೇನೂ ಬ್ಯಾಡ ನಂಗೆ." ನಾನು ಅತ್ತುಬಿಟ್ಟೆ. ಅಜ್ಜಿ ಅಳಲಿಲ್ಲ. ಎಲೆಯಡಿಕೆ ಹಾಕಿಕೊಂಡು ಬಸ್ಸು ಹತ್ತಿದರು.

ಆ ತಿಂಗಳು ತುಂಬುವುದರೊಳಗೆ ಹೋಗಿಯೇಬಿಟ್ಟರು. ಮಣ್ಣಿಗೆ ಹೋದಾಗ ಬಸವರಾಜಪ್ಪ ನನ್ನನ್ನು ನೋಡಿ ಮುಖ ತಿರುಗಿಸಿದರು. ಅವ್ವ ಸಂತೆಯ ದಿನ ಎಲ್ಲಿಗೆ ಹೋಗಿದ್ದಳೆಂದು ಯಾರೋ ಹೇಳಿದ್ದರು. ಆಮೇಲೆ ಬುಕ್ಕಾಂಬುಧಿಯಿಂದ ಕಡೂರಿನವರೆಗೆ ನನಗೆ ಒಬ್ಬ ಮುದುಕರೂ ಸಿಗಲಿಲ್ಲ. ಅರ್ಧ ಪುಸ್ತಕವನ್ನು ಅಚ್ಚು ಹಾಕುವವರು ಯಾರು? ಗೊಬ್ಬರದಂಗಡಿಯೊಂದರಲ್ಲಿ ಬಿಲ್ಲು ಬರೆಯಲು ಕೂತೆ. ಕೂತವನು ಮುದುಕನಾಗುವವರೆಗೂ ಏಳಲಿಲ್ಲ. ಕೆಂಚಿಯ ಹೆಸರನ್ನು ಈವರೆಗೆ ಯಾರೂ ಓದಿಲ್ಲ, ನನಗೆ ಅದೇ ಸಂಕಟ.

ಈ ದಿನ ಬೆಳಿಗ್ಗೆ ಇಲಿ ಹುಡುಕುವುದನ್ನು ಬಿಟ್ಟು, ಪೇಟೆಯಲ್ಲಿರುವ ಪತ್ರಿಕೆ ಏಜೆಂಟರ ಅಂಗಡಿಗೆ ಹೋದೆ. ಶ್ರದ್ಧಾಂಜಲಿ ಹಾಕಿಸಬೇಕು ಎಂದೆ.

"ಫೋಟೋ ಕೊಡಿ ಸಾರ್."

"ಇಲ್ಲ. ಹೆಸರು ಮಾತ್ರ. ಕೆಂಚಿ."

"ತೀರ್ಕೊಂಡ ದಿನ?"

"ಗೊತ್ತಿಲ್ಲಪ್ಪಾ."

ಆತ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ. "ಹೋಗ್ಲಿ, ದುಃಖತಪ್ತರು ಅಂತ ಯಾರ ಹೆಸರು ಹಾಕ್ಲಿ?"

"ಅಕ್ಕ, ಗಂಗಮ್ಮ," ಎಂದೆ.