ದಮ್ಮು ಬಿಟ್ಟರೆ ಔಟು

ನಮ್ಮ ಸೋದರಮಾವ ಮಂಟೇಸ್ವಾಮಿ ಒಂದು ಸಿನಿಮಾದಲ್ಲಿದ್ದಾನೆ. ಒಟ್ಟು ನಾಲ್ಕು ನಿಮಿಷ ಕಾಣಿಸುತ್ತಾನೆ, ಅದರಲ್ಲಿ ಅರ್ಧ ನಿಮಿಷ ಅವನ ತಲೆಯ ಮೇಲಿಂದ ಮಜ್ಜಿಗೆ ಇಳಿಯುತ್ತಿರುತ್ತದೆ. ಇದನ್ನು ನಾನು ಜಂಬದಿಂದಲೇ ಹೇಳುತ್ತಿದ್ದೇನೆ. ನಗುವವರು ಈಗಲೇ ನಕ್ಕು ಮುಗಿಸಿ, ಆಮೇಲೆ ಉಳಿದದ್ದನ್ನು ಕೇಳಿ.

ಮಾವನ ಊರು ಹಂಗಳ. ಕೆಲಸ ಬಂಡೀಪುರದ ಕಡೆಯ ಚೆಕ್‌ಪೋಸ್ಟಿನಲ್ಲಿ ಗೇಟು ಕಾಯುವುದು. ಒಂಬತ್ತಕ್ಕೆ ಕಾಡಿನ ರಸ್ತೆ ಮುಚ್ಚಬೇಕು ಅಂದರೆ ಒಂಬತ್ತಕ್ಕೇ ಮುಚ್ಚುತ್ತಾನೆ. ಒಂದು ನಿಮಿಷ ತಡವಾಗಿ ಯಾರ ಕಾರು ಬಂದರೂ, ಒಳಗೆ ಯಾರ ಅಳಿಯ ಕೂತಿದ್ದರೂ "ಬೆಳಿಗ್ಗೆ ಆರಕ್ಕೆ ಬನ್ನಿ ಸಾ" ಅನ್ನುವುದೊಂದೇ ಮಾತು. ರಜೆ ಸಿಕ್ಕ ದಿನ ಬಿಳಿ ಪ್ಯಾಂಟು ಹಾಕಿ, ಕೊರಳಿಗೆ ಸೀಟಿ ಕಟ್ಟಿಕೊಂಡು ಕಬಡ್ಡಿ ಅಂಪೈರ್ ಆಗುತ್ತಾನೆ. ಮೂವತ್ತು ವರ್ಷದಿಂದ ಗುಂಡ್ಲುಪೇಟೆ, ಚಾಮರಾಜನಗರದ ಸುತ್ತಮುತ್ತ ಅವನ ಸೀಟಿಗೆ ಔಟಾಗದ ಗಂಡಸರು ಕಡಿಮೆ. ಹೆಂಗಸರ ಪೈಕಿ ಔಟಾದವಳು ನಾನೇ ಇದ್ದೇನೆ.

ಅದು ಹನ್ನೆರಡು ವರ್ಷದ ಹಿಂದೆ, ನಾನು ಹತ್ತನೇ ಕ್ಲಾಸು. ಗುಂಡ್ಲುಪೇಟೆಯಲ್ಲಿ ತಾಲ್ಲೂಕು ಮಟ್ಟದ ಫೈನಲ್, ಎರಡೂ ಕಡೆ ಸಮ ಅಂಕ, ಕೊನೆಯ ರೈಡ್ ನನ್ನದು. ಒಬ್ಬಳನ್ನು ಮುಟ್ಟಿ, ಹಿಡಿದವರಿಂದೆಲ್ಲ ಕೊಸರಿಕೊಂಡು ನಡುಗೆರೆ ದಾಟಿದೆ. ನಮ್ಮ ಹುಡುಗಿಯರು ಕುಣಿಯಲು ಶುರು ಮಾಡಿದರು. ಮಾವನ ಸೀಟಿ ಕೂಗಿತು. "ದಮ್ಮು ಬುಟ್ಟವಳೆ. ಔಟು." ಎದುರಾಳಿಯ ಅಂಗಳದಲ್ಲಿ ಇರುವಷ್ಟು ಹೊತ್ತೂ ಒಂದೇ ಉಸಿರಿನಲ್ಲಿ ಕಬಡ್ಡಿ, ಕಬಡ್ಡಿ ಅನ್ನುತ್ತಲೇ ಇರಬೇಕು, ನಡುವೆ ನಿಲ್ಲಿಸಿದರೆ ಔಟು. ಆ ಉಸಿರಿಗೇ ನಮ್ಮ ಕಡೆ ದಮ್ಮು ಅನ್ನುತ್ತಾರೆ. ನಾನು ಬಿಟ್ಟಿಲ್ಲ ಅಂತ ನೆಲಕ್ಕೆ ಕಾಲು ಬಡಿದು ಅತ್ತೆ. ತಂಗಿಯ ಮಗಳಿಗೇ ಹೀಗೆ ಮಾಡಿದನಲ್ಲ ಅಂತ ನಮ್ಮಮ್ಮ ಚಿಕ್ಕನಿಂಗಮ್ಮ ಮೂರು ತಿಂಗಳು ಅಣ್ಣನಿಗೆ ಮುದ್ದೆ ಬಡಿಸಲಿಲ್ಲ. ಅವನು ಬರುವುದನ್ನೂ ಬಿಡಲಿಲ್ಲ, ತೀರ್ಪನ್ನೂ ಬದಲಿಸಲಿಲ್ಲ. ಜಗುಲಿಯಲ್ಲಿ ಕೂತು ನೀರು ಕುಡಿದು ಎದ್ದು ಹೋಗುತ್ತಿದ್ದ.

ಆಮೇಲೆ ನಾನು ಓದಿ, ಚಾಮರಾಜನಗರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆದೆ. ಅಮ್ಮನ ಕೋಪ ಇಳಿಯಿತು. ನನ್ನದು ಇಳಿದಿರಲಿಲ್ಲ. ಸಿಕ್ಕಾಗಲೆಲ್ಲ "ಅವತ್ತು ಮೋಸ ಮಾಡ್ದೆ ಮಾವ" ಅನ್ನುತ್ತಿದ್ದೆ. ಅವನು ಮೀಸೆ ತಿರುವಿಕೊಳ್ಳುತ್ತಿದ್ದ.

ಹೋದ ವರ್ಷ ಹಂಗಳಕ್ಕೆ ಸಿನಿಮಾದವರು ಬಂದರು. 'ಎದ್ದು ಬಿದ್ದು ಗೆದ್ದ' ಅಂತ ಹೆಸರು, ಕಬಡ್ಡಿಯ ಮೇಲೆ ನಗೆ ಚಿತ್ರ. ಎದುರಾಳಿ ತಂಡಕ್ಕೆ ಊರ ಹುಡುಗರನ್ನೇ ತೆಗೆದುಕೊಂಡರು. ಮಾವನ ಮೀಸೆ ನೋಡಿ ಅಂಪೈರ್ ಪಾತ್ರ ಕೊಟ್ಟರು. ಮಜ್ಜಿಗೆ ಮಡಕೆ ತಲೆಯ ಮೇಲೆ ಒಡೆಯುವ ಸೀನಿಗೆ ಅವನು ಎರಡನೇ ಮಾತಾಡದೆ ಒಪ್ಪಿಕೊಂಡನಂತೆ. ನಾನು ರಜೆ ಹಾಕಿ ಶೂಟಿಂಗ್ ನೋಡಲು ಹೋದ ದಿನವೇ ಗಲಾಟೆ ಆಯಿತು.

ಚೆಂಡುಹೂ ಕೊಯ್ದ ಹೊಲದಲ್ಲಿ ಅಂಗಳ ಮಾಡಿದ್ದರು. ಹಿಂದೆ ಗೋಪಾಲಸ್ವಾಮಿ ಬೆಟ್ಟ. ಕೊನೆಯ ಪಂದ್ಯದ ಕೊನೆಯ ರೈಡ್. ಹೀರೋ ಒಳಗೆ ನುಗ್ಗಿದ, ಏಳೂ ಜನ ಮೇಲೆ ಬಿದ್ದರು, ಹೀರೋ ಅವರನ್ನೆಲ್ಲ ಎಳೆದುಕೊಂಡು ನಡುಗೆರೆಯ ಹತ್ತಿರ ಬಂದು, ಅಲ್ಲಿ ನಿಂತು, ಕ್ಯಾಮೆರಾ ಕಡೆ ತಿರುಗಿ ಡೈಲಾಗ್ ಹೊಡೆದ: "ಈ ಮಣ್ಣಲ್ಲಿ ಬಿದ್ದೋರ್ ನೂರು ಜನ, ಎದ್ದೋನ್ ನಾನೊಬ್ಬನೇ!"

ಪೀ ಅಂತ ಸೀಟಿ ಕೂಗಿತು.

"ಔಟು," ಅಂದ ಮಾವ.

ನಿರ್ದೇಶಕ ಕಟ್ ಕಟ್ ಅಂದ. ಇದು ಸಿನಿಮಾ, ಹೀರೋ ಗೆಲ್ಲಬೇಕು, ನೀವು ಕೈ ಎತ್ತಿ ಪಾಯಿಂಟ್ ಕೊಡಬೇಕು ಅಂತ ವಿವರಿಸಿದ. ಮಾವ ತಲೆ ಆಡಿಸಿದ. ಮತ್ತೆ ಶುರುವಾಯಿತು. ಮತ್ತೆ ಡೈಲಾಗ್. ಮತ್ತೆ ಸೀಟಿ. ಮೂರನೇ ಸಲವೂ ಅಷ್ಟೇ. ನನ್ನ ಪಕ್ಕದಲ್ಲಿದ್ದ ಲೈಟಿನವನು "ಯಾರ್ರೀ ಈ ಮುದುಕ?" ಅಂದ. ನಮ್ಮ ಮಾವ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

"ಏನ್ ಮಾಡನ ಸಾ, ಗೆರೆ ಮುಟ್ಟಕ್ಕೂ ಮುಂಚೆ ಮಾತಾಡ್ಬುಟ್ಟ," ಅಂದ ಮಾವ. "ಕಬಡ್ಡಿ ಅನ್ನೋದ್ನ ನಿಲ್ಲಿಸ್ದ ಮ್ಯಾಲೆ ನಾ ಎಂಗೆ ಕೈ ಎತ್ಲಿ?"

ಬೆಂಗಳೂರಿನಿಂದ ಬೇರೆ ಅಂಪೈರನ್ನು ಕರೆಸುತ್ತೇನೆ, ಸೀನನ್ನೇ ಸೆಟ್ಟಿನಲ್ಲಿ ತೆಗೆಯುತ್ತೇನೆ ಅಂತ ನಿರ್ದೇಶಕ ಕೂಗಾಡಿದ. ಹಂಗಳದ ಹುಡುಗರ ಮುಖ ಬಾಡಿತು. ಸೀನು ಹೋದರೆ ಅವರೂ ಹೋಗುತ್ತಾರೆ. ತಂಡದ ಕ್ಯಾಪ್ಟನ್ ನಿಂಗರಾಜು ಓಡಿ ಬಂದು ಮಾವನ ಕೈ ಹಿಡಿದುಕೊಂಡ.

"ಎತ್ಬುಡು ಮಾವ. ಸಿನಿಮಾ ತಾನೇ, ಯಾರ್ ಕೇಳಾರು?"

"ಇಲ್ಲಿ ಸುಳ್ಳಿಗೆ ಎತ್ತುದ್ ಕೈನ ನಾಳಿಕ್ಕೆ ಅಂಗಳದಲ್ಲಿ ಎತ್ತುದ್ರೆ ನೀನೇ ನಂಬಾಕಿಲ್ಲ ಕಣ್ಲಾ," ಅಂದ ಮಾವ.

"ತಲೆ ಮೇಲೆ ಮಜ್ಜಿಗೆ ಸುರಿಸಿಕೊಳ್ಳೋಕೆ ಒಪ್ಪಿದ್ರಲ್ಲ, ಇದೇನು ದೊಡ್ಡದು?" ಅಂತ ನಿರ್ದೇಶಕ.

"ತಲೆ ಮ್ಯಾಲೆ ಏನ್ ಬೇಕಾದ್ರೂ ಸುರೀರಿ ಸಾ. ರೂಲಿನ್ ಮ್ಯಾಲೆ ಸುರೀಬ್ಯಾಡಿ."

ಗುಂಪಿನಲ್ಲಿ ಯಾರೂ ನಗಲಿಲ್ಲ. ನನಗೆ ಮಾತ್ರ ಮೈ ಉರಿಯಿತು. ಈ ಹಟದಿಂದಲೇ ಅಲ್ಲವೇ ನಾನು ಫೈನಲ್ ಸೋತಿದ್ದು.

ಪರಿಹಾರ ಹೇಳಿದವನೂ ಅವನೇ. ಡೈಲಾಗ್ ಹೇಳಲಿ, ಬೇಡ ಅನ್ನುವುದಿಲ್ಲ, ಆದರೆ ಪದಪದದ ನಡುವೆಯೂ ಕಬಡ್ಡಿ ಅನ್ನುತ್ತ ಒಂದೇ ದಮ್ಮಿನಲ್ಲಿ ಗೆರೆ ಮುಟ್ಟಲಿ, ನಮ್ಮ ಚಿಕ್ಕವರ ಆಟದಲ್ಲಿ ಅಷ್ಟಕ್ಕೆ ರಿಯಾಯಿತಿ ಉಂಟು ಅಂದ. ಹೀರೋ ಪೇಟೆಯ ಹುಡುಗ, ಆದರೆ ಒಳ್ಳೆಯವನು. "ಹೇಳಿಕೊಡಿ ಸರ್" ಅಂತ ಬರಿಗಾಲಲ್ಲಿ ಬಂದು ನಿಂತ. ಮೊದಲ ಸಲ "ಈ ಕಬಡ್ಡಿ ಮಣ್ಣಲ್ಲಿ ಕಬಡ್ಡಿ ಬಿದ್ದೋರ್ ಕಬಡ್ಡಿ ನೂರು ಕಬಡ್ಡಿ" ಅನ್ನುವಷ್ಟರಲ್ಲಿ ಮುಖ ಬೀಟ್‌ರೂಟ್ ಬಣ್ಣಕ್ಕೆ ತಿರುಗಿ, ಕಣ್ಣು ಮೇಲೆ ಹೋಗಿ, ಚೆಂಡುಹೂವಿನ ರಾಶಿಗೆ ತಲೆಕೆಳಗಾಗಿ ಬಿದ್ದ. ಕ್ಯಾಮೆರಾ ಓಡುತ್ತಲೇ ಇತ್ತು. ನಿರ್ದೇಶಕನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಏಳನೇ ಸಲಕ್ಕೆ ಹುಡುಗ ನಿಜವಾಗಿಯೂ ಸಾಧಿಸಿದ. ಏಳು ಜನರನ್ನು ಎಳೆದುಕೊಂಡು, ಕಬಡ್ಡಿ ಬಿಡದೆ, ಬೆರಳ ತುದಿಯಲ್ಲಿ ಗೆರೆ ಮುಟ್ಟಿದ. ಮಾವನ ಕೈ ಮೇಲೆದ್ದಿತು.

"ಕ್ಲೀನ್ ಪಾಯಿಂಟು," ಅಂದ. ಹಂಗಳದ ಹುಡುಗರೇ ಹೀರೋನನ್ನು ಎತ್ತಿ ಕುಣಿಸಿದರು. ಹೀಗೇ ಸಿನಿಮಾದಲ್ಲಿ ಇರುತ್ತದೆ ಅಂತ ನಿರ್ದೇಶಕ ಮಾತು ಕೊಟ್ಟ.

ಅಲ್ಲಿಂದ ಎಂಟು ತಿಂಗಳು ಮಾವನ ಬಾಯಲ್ಲಿ ಅದೇ ಮಾತು. ಪಂದ್ಯಕ್ಕೆ ಹೋದಲ್ಲಿ, ಬಸ್ಸಿನಲ್ಲಿ, ಗೇಟಿನ ಹತ್ತಿರ ಟೀ ಕುಡಿಯುವಾಗ, ಎಲ್ಲರಿಗೂ ಹೇಳಿದ: ಹುಡುಗ ಒಂದೇ ದಮ್ಮಲ್ಲಿ ಮುಟ್ಟವ್ನೆ, ನಾ ಕೊಟ್ಟಿದ್ದು ನಿಜವಾದ ಪಾಯಿಂಟು, ಬಂದಾಗ ನೋಡಿ. ಮಜ್ಜಿಗೆಯ ವಿಷಯ ಯಾರಿಗೂ ಹೇಳಲಿಲ್ಲ. ಅದು ಅವನಿಗೆ ಹೇಳುವಂಥದ್ದು ಅನ್ನಿಸಿರಲೇ ಇಲ್ಲ. ಸಿನಿಮಾದಲ್ಲಿ ಆ ಕೈ ಸರಿಯಾಗಿ ಎದ್ದಿರಬೇಕು, ಅಷ್ಟೇ ಅವನಿಗೆ ಬೇಕಾಗಿದ್ದು.

ಚಾಮರಾಜನಗರದ ಟಾಕೀಸಿಗೆ ಸಿನಿಮಾ ಬಂದ ಭಾನುವಾರ ಮ್ಯಾಟಿನಿಗೆ ಹಂಗಳದಿಂದ ಮೂರು ಟೆಂಪೋ ಬಂದವು. ಗುಂಡ್ಲುಪೇಟೆಯ ಹಳೆಯ ಆಟಗಾರರೂ ಬಂದಿದ್ದರು, ಮಾವನ ಸೀಟಿಗೆ ಔಟಾದವರೇ ಅರ್ಧ ಬಾಲ್ಕನಿ ತುಂಬಿದ್ದರು. ಮಾವ ಬಿಳಿ ಪ್ಯಾಂಟು ಹಾಕಿದ್ದ. ಒಂದು ಕಡೆ ನಾನು, ಇನ್ನೊಂದು ಕಡೆ ಅಮ್ಮ ಕೂತೆವು.

ಸಿನಿಮಾ ಹೇಗಿತ್ತು ಅಂತ ನನ್ನನ್ನು ಕೇಳಿದರೆ, ನಕ್ಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಬೀಳುವವರನ್ನು ನೋಡಿ ನಗುವುದಕ್ಕೆ ವಿದ್ಯೆ ಬೇಡ. ಪಂಚೆ ಕಳಚಿಕೊಂಡ ಕೋಚ್ ಅದೇ ಪಂಚೆಯಿಂದ ಸ್ಕೋರ್ ಬೋರ್ಡ್ ಒರೆಸುವಾಗ ನನ್ನ ಕಣ್ಣಲ್ಲಿ ನೀರು ಬಂತು. ಹೀರೋ ಬೀಳುವುದಂತೂ ಬಲು ಚೆಂದ, ಪ್ರತಿ ಸಲ ಬೇರೆ ಥರ ಬೀಳುತ್ತಾನೆ. ಆದರೆ ತಪ್ಪುಗಳೂ ಒಂದೆರಡಲ್ಲ. ಬೆಕ್ಕು ಬಂದು ಆಟ ನಿಲ್ಲಿಸುವ ತಮಾಷೆ ಮೂರು ಸಲ ಬರುತ್ತದೆ, ಎರಡನೆಯದಕ್ಕೇ ಸಾಕಾಗಿತ್ತು. ಗೋಪಾಲಸ್ವಾಮಿ ಬೆಟ್ಟ ಒಂದು ಕ್ಷಣ ಹಿಂದೆ ಇದ್ದು ಇನ್ನೊಂದು ಕ್ಷಣಕ್ಕೆ ಎದುರಿಗೆ ಬರುತ್ತದೆ. ಒಂದು ಪಂದ್ಯದಲ್ಲಿ ನಾನು ಎಣಿಸಿದೆ, ಒಂದು ಕಡೆ ಎಂಟು ಜನ ಆಡುತ್ತಿದ್ದರು. ಹೀರೋಯಿನ್ನಿಗೆ ಎರಡೂವರೆ ಗಂಟೆ ನೀರಿನ ಬಾಟಲಿ ಕೊಡುವ ಕೆಲಸ, ಒಂದು ರೈಡ್ ಸಹ ಇಲ್ಲ. ಇದನ್ನು ನಾನು ಕ್ಷಮಿಸುವುದಿಲ್ಲ.

ಮಜ್ಜಿಗೆ ಸೀನಿಗೆ ಟಾಕೀಸೇ ಬಿದ್ದು ಬಿದ್ದು ನಕ್ಕಿತು. "ಅಯ್ಯೋ, ಸೀತ ಆಯ್ತದಲ್ಲೋ ನಮ್ಮಣ್ಣಂಗೆ" ಅಂತ ಅಮ್ಮ ಪರದೆಗೇ ಹೇಳಿದಳು. ಮಾವ ಎಲ್ಲರಿಗಿಂತ ಜೋರಾಗಿ ನಕ್ಕ. ಹೀರೋ ಕಬಡ್ಡಿ ಸೇರಿಸಿ ಡೈಲಾಗ್ ಹೇಳಲು ಹೋಗಿ ಚೆಂಡುಹೂವಿಗೆ ಬಿದ್ದದ್ದನ್ನು ಅಭ್ಯಾಸದ ಸೀನು ಮಾಡಿ ಹಾಕಿದ್ದರು. ಇಡೀ ಸಿನಿಮಾದಲ್ಲಿ ಅತಿ ಹೆಚ್ಚು ನಗು ಬಿದ್ದದ್ದು ಅದಕ್ಕೇ. ಆ ನಗು ನಮ್ಮ ಮಾವ ಕೊಟ್ಟದ್ದು ಅಂತ ನನಗೆ ಕೂಗಿ ಹೇಳಬೇಕು ಅನ್ನಿಸಿತು.

ಕೊನೆಯ ರೈಡ್ ಬಂತು. ಮಾವ ಮುಂದಕ್ಕೆ ಬಾಗಿ ಕೂತ. ಏಳು ಜನ, ಹೀರೋ, ನಡುಗೆರೆ. ಹೀರೋನ ಬಾಯಿ ಕಬಡ್ಡಿ, ಕಬಡ್ಡಿ ಅಂತ ಆಡುತ್ತಿತ್ತು. ಕೇಳಿಸಿದ್ದು ಮಾತ್ರ ಸಂಗೀತದ ಜೊತೆ, ಬಿಡಿಬಿಡಿಯಾಗಿ, ನಿಧಾನವಾಗಿ: "ಈ ಮಣ್ಣಲ್ಲಿ ಬಿದ್ದೋರ್ ನೂರು ಜನ, ಎದ್ದೋನ್ ನಾನೊಬ್ಬನೇ!" ಡಬ್ಬಿಂಗಿನಲ್ಲಿ ಕಬಡ್ಡಿಯನ್ನೆಲ್ಲ ಕಿತ್ತುಹಾಕಿದ್ದರು. ಅಭ್ಯಾಸದಲ್ಲಿ ತಾವೇ ಹೇಳಿಕೊಟ್ಟ ರೂಲನ್ನು ಕೊನೆಗೆ ತಾವೇ ಮರೆತಿದ್ದರು. ಪರದೆಯ ತುಂಬ ಮಾವನ ಮುಖ, ಮೀಸೆ, ಮೇಲೆದ್ದ ಕೈ.

ನಾನು ಪಕ್ಕಕ್ಕೆ ತಿರುಗಿದೆ. ಮಾವ ತೊಡೆಯ ಮೇಲಿದ್ದ ತನ್ನ ಬಲಗೈಯನ್ನು ನೋಡುತ್ತಿದ್ದ. ಹುಟ್ಟಿದಾಗಿನಿಂದ ಅವನ ಮುಖ ಹಾಗೆ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ನನಗೆ ಅಳು ಬಂತು. ನಿರ್ದೇಶಕ ಕೈಗೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ.

ಮಾವ ಎದ್ದು ನಿಂತ. ಜೇಬಿಗೆ ಕೈ ಹಾಕಿದ. ಪೀ ಅಂತ ಸೀಟಿ ಕೂಗಿತು, ಟಾಕೀಸೆಲ್ಲ ನಡುಗುವ ಹಾಗೆ. ಪರದೆಯ ಮೇಲೆ ಕೈ ಎತ್ತಿ ನಿಂತಿದ್ದ ತನ್ನ ಕಡೆಗೇ ಬೆರಳು ತೋರಿಸಿ ಅಂದ, "ತಪ್ಪು ಕೊಟ್ಟವ್ನೆ. ಔಟು."

ಆಮೇಲೆ ಹಿಂದಿನಿಂದ ನಿಂಗರಾಜು, "ಔಟೇ ಕಣ್ರಲಾ! ಡೈಲಾಗ್ ಒಡ್ದ!" ಅಂದ. ಬಾಲ್ಕನಿಯಲ್ಲಿ ಇನ್ನೊಬ್ಬ ಎದ್ದ, ನಾಲ್ಕು ಜನ ಎದ್ದರು. ಕಬಡ್ಡಿಯನ್ನೇ ಆಡದ ಪೇಟೆಯ ಜನರೂ ಅಭ್ಯಾಸದ ಸೀನು ನೋಡಿ ರೂಲು ಕಲಿತಿದ್ದರಲ್ಲ, ಅವರೂ ಔಟು, ಔಟು ಅಂತ ಕೂಗತೊಡಗಿದರು. ಪರದೆಯಲ್ಲಿ ಹೀರೋ ಕಪ್ ಎತ್ತಿ ಕುಣಿಯುತ್ತಿದ್ದ, ಅವನನ್ನು ಒಬ್ಬರೂ ನೋಡುತ್ತಿರಲಿಲ್ಲ. ಎಲ್ಲರೂ ಬಿಳಿ ಪ್ಯಾಂಟಿನವನ ಕಡೆ ತಿರುಗಿ ಚಪ್ಪಾಳೆ ಹೊಡೆಯುತ್ತಿದ್ದರು. ಮೂವತ್ತು ವರ್ಷ ಅವನನ್ನು ಬೈದವರೇ ಹೊಡೆದರು. ನಾನೂ ಕುರ್ಚಿಯ ಮೇಲೆ ಹತ್ತಿ ಗಂಟಲು ಕಟ್ಟುವವರೆಗೆ ಕೂಗಿದೆ. ಪಕ್ಕದವಳು ಯಾರವರು ಅಂತ ಕೇಳಿದಳು. "ನಮ್ಮ ಮಾವ" ಅಂದೆ, ಎರಡು ಸಲ ಅಂದೆ.

ಆಟ ಬಿಟ್ಟ ಮೇಲೆ ಹೊರಗೆ ಹುಣಸೆಮರದ ಕೆಳಗೆ ಟೀ ಕುಡಿದೆವು. ಬಂದವರೆಲ್ಲ ಮಾವನ ಕೈ ಕುಲುಕಿ ಹೋಗುತ್ತಿದ್ದರು. ಗುಂಪು ಕರಗಿ, ಅಮ್ಮ ಟೆಂಪೋದಲ್ಲಿ ಜಾಗ ಹಿಡಿಯಲು ಹೋದಾಗ ನಾನು ಲೋಟ ಕೆಳಗಿಟ್ಟೆ.

"ಮಾವ, ಅವತ್ತು ಫೈನಲ್‌ನಲ್ಲಿ ನಾನು ದಮ್ಮು ಬಿಟ್ಟಿದ್ದೆ. ಗೆರೆ ಹತ್ರ ಒಂದು ಸಲ ಉಸಿರು ತಗೊಂಡೆ."

ಮಾವ ಟೀ ಮುಗಿಸಿ, ಮೀಸೆ ಒರೆಸಿಕೊಂಡ.

"ಗೊತ್ತು ಕಣಮ್ಮಿ," ಅಂದ. "ಅನ್ನೆಲ್ಡು ವರ್ಸ ಒಪ್ಕಳ್ದಂಗೆ ತಡ್ಕಂಡಿದ್ದೀಯಲ್ಲ. ದಮ್ಮೇನೋ ಅದೆ ನಿಂಗೆ."