ಬಣವಿಯೊಳಗೆ ಬಿದ್ದ ಗಣಿತದ ಕ್ಲಾಸು

ಕೊರೊನಾ ವರ್ಷ ನಾನು ಹತ್ತನೇ ತರಗತಿ. ಶಾಲೆ ಮುಚ್ಚಿ ಪಾಠ ಮೊಬೈಲಿಗೆ ಬಂದಿತ್ತು. ನಮ್ಮ ಮನೆಯ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿ ಬೀದರ ಹತ್ತಿರದ ಕೊಳಾರದ ಕಾರ್ಖಾನೆಗೆ ಹೋಗುತ್ತಿತ್ತು. ಭಾಲ್ಕಿ ಪೇಟೆಯ ಗೆಳೆಯರು ಫ್ಯಾನಿನ ಕೆಳಗೆ ಕೂತು ಪಾಠ ಕೇಳುವಾಗ, ಸಾಯಗಾಂವದಲ್ಲಿ ನಾನು ಎಮ್ಮೆಗೆ ಬೀಜಗಣಿತ ಹೇಳಿಕೊಟ್ಟು ಅದರ ಹಾಲು ಕಡಿಮೆ ಮಾಡಿದ್ದೆ.

ಪಕ್ಕದ ಮನೆಯ ಖಾಲಾ, ಅಂದರೆ ಚಿಕ್ಕಮ್ಮ, ಬಟ್ಟೆ ಹೊಲಿದು ಮಗಳಿಗೊಂದು ಮೊಬೈಲು ತಂದಿದ್ದರು. ಅವಳು ನನ್ನದೇ ತರಗತಿ, ಲೆಕ್ಕದಲ್ಲಿ ಹುಲಿ. ಖಾಲಾ ನನ್ನನ್ನೂ ಪಾಠಕ್ಕೆ ಕರೆದರು. ಆದರೆ ನೆಟ್‌ವರ್ಕ್ ಸಿಗುತ್ತಿದ್ದದ್ದು ಅವರು ಜೋಳದ ಒಣದಂಟು, ಅಂದರೆ ಕಣಿಕೆ, ಒಟ್ಟಿದ ಬಣವಿಯ ನೆತ್ತಿಯಲ್ಲಿ ಮಾತ್ರ. ದೊಡ್ಡ ಹುಡುಗಿ ಬಣವಿ ಹತ್ತಿದರೆ ಊರವರು ಆಡಿಕೊಳ್ಳುತ್ತಾರೆಂದು ಅವಳು ಕೆಳಗೆ ಕೂತಳು, ನಾನು ಮೇಲಿಂದ ಪಾಠ ಕೂಗಿದೆ. ಸರ್ ಹೇಳಿದ ಸೂತ್ರ ನನ್ನ ಬಾಯಿಂದ ಕೆಳಗೆ ಬೀಳುವಷ್ಟರಲ್ಲಿ ಕೈಕಾಲು ಮುರಿದುಕೊಂಡಿರುತ್ತಿತ್ತು.

"ಇದು ಸರ್ ಅಂದದ್ದೋ, ನೀ ಅಂದದ್ದೋ?" ಎಂದು ಅವಳು ಕೇಳುತ್ತಿದ್ದಳು.

ಒಂದು ದಿನ ಸರ್ ಔರಾದದ ತಮ್ಮ ಮನೆಯಿಂದ ಹಾಜರಿ ಕರೆದರು. ನನ್ನ ಹೆಸರು ಬಂದೊಡನೆ, ಶಾಲೆಯ ರೂಢಿಯಂತೆ, ಎದ್ದು ನಿಂತೆ. ಬಣವಿಯ ನೆತ್ತಿಯ ಮೇಲೆ! ಸೊಂಟದವರೆಗೆ ಹೂತುಹೋದೆ. ಮೊಬೈಲು ನನಗಿಂತ ಆಳಕ್ಕಿಳಿಯಿತು. ಕಣಿಕೆಯ ಹೊಟ್ಟೆಯೊಳಗಿಂದ ಸರ್ ಇನ್ನೂ ಎರಡು ಹೆಸರು ಕರೆದು ಸುಮ್ಮನಾದರು.

ಕೆಳಗೆ ಅವಳ ಮುಖ ನೋಡಿ ನನ್ನ ತಮಾಷೆಯೆಲ್ಲ ಒಣಗಿತು. ಆ ಮೊಬೈಲು ಹೋದರೆ ಅವಳ ಹತ್ತನೇ ತರಗತಿಯೇ ಹೋಗುತ್ತಿತ್ತು.

ಮೋಡ ಕಟ್ಟಿತ್ತು. ಬಿಚ್ಚಿದ ಕಣಿಕೆ ನೆನೆದರೆ ದನಕ್ಕೆ ಮೇವಿಲ್ಲ. ಆದರೂ ಖಾಲಾ ಸೆರಗು ಸಿಕ್ಕಿಸಿ, ಒಂದೊಂದೇ ಸಿವುಡಿನ ಕಟ್ಟು ಎಳೆದು ಬಣವಿ ಬಿಚ್ಚಿದರು. ಮೊಬೈಲು ಸಿಕ್ಕಿತು. ನಾನು ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. ಅವರು ಅದನ್ನು ಒರೆಸಿ ಮಗಳ ಕೈಗಿಟ್ಟರು.

"ನಾಳಿಂದ ಇಕಿ ಮ್ಯಾಲ ಹತ್ತತಾಳ. ನೀ ಕೆಳಗ ಕುಂಡ್ರು, ಬೇಟಾ."

ಗದ್ದಲ ಕೇಳಿ ಬಂದಿದ್ದ ನನ್ನ ಅವ್ವ, ಮಂದಿ ಏನಾದರೂ ಅಂದಾರು ಎಂದು ಅನುಮಾನಿಸಿದಳು.

"ಅನ್ನಲಿ ಬಿಡ್ರಿ. ಮಂದಿ ಬಂದು ಇಕಿ ಪರೀಕ್ಷಾ ಬರೀತಾರೇನು?"

ಮಳೆ ಬರುವ ಮೊದಲು ಎಲ್ಲರೂ ಸೇರಿ ಬಣವಿ ಮತ್ತೆ ಒಟ್ಟಿದೆವು. ಮರುದಿನದಿಂದ ಅವಳು ಮೇಲಿಂದ ಪಾಠ ಹೇಳಿದಳು. ನನಗೆ ತಿಳಿಯಿತು ಅನ್ನುವವರೆಗೆ ಮುಂದಿನ ಲೆಕ್ಕಕ್ಕೆ ಹೋಗುತ್ತಿರಲಿಲ್ಲ. ನನಗೆ ಗಣಿತದಲ್ಲಿ ಒಳ್ಳೆಯ ಅಂಕ ಬಂದಾಗ ಸರ್ ಫೋನು ಮಾಡಿ, ಅದು ನನ್ನದೇ ಫಲಿತಾಂಶವೇ ಎಂದು ವಿಚಾರಿಸಿದರು.

ಈಗ ಅವಳು ಭಾಲ್ಕಿಯಲ್ಲಿ ಬಿಎಸ್ಸಿ, ನಾನು ಬೀದರಿನಲ್ಲಿ ಬಿಎ. ಸುಗ್ಗಿಯಲ್ಲಿ ಎಲ್ಲಿದ್ದರೂ ಊರಿಗೆ ಓಡುತ್ತೇನೆ. ಖಾಲಾರ ಬಣವಿ ಒಟ್ಟಲು ಬೇರೆಯವರು ಬಂದರೆ ನನಗೆ ಹೊಟ್ಟೆಕಿಚ್ಚು. ಈ ವರ್ಷವೂ ಏಣಿಗೆ ಕಾಲಿಟ್ಟಾಗ ಖಾಲಾ ಕೈ ಚಾಚಿದರು.

"ಮೊದಲ ಮೊಬೈಲ್ ಇಲ್ಲಿ ಕೊಡು, ಆಮ್ಯಾಲ ಹತ್ತು."