ಅಳುವ ಮುಖವನ್ನು ಯಾರೂ ಮುಟ್ಟಲಿಲ್ಲ

ನರ್ಸ್ ಹುಡುಗಿಯ ಕೊರಳಲ್ಲಿ, ಗುರುತಿನ ಚೀಟಿಯ ಹಿಂದೆ, ಇನ್ನೊಂದು ಪ್ಲಾಸ್ಟಿಕ್ ಕಾರ್ಡು ತೂಗುತ್ತಿತ್ತು. ಅದರ ಮೇಲೆ ಸಾಲಾಗಿ ದುಂಡು ಮುಖಗಳು. ಎಡಗಡೆಯದು ನಗುತ್ತಿತ್ತು. ಬಲಕ್ಕೆ ಹೋದಂತೆ ತುಟಿ ನೇರವಾಗಿ, ಆಮೇಲೆ ಕೆಳಕ್ಕೆ ಬಾಗಿ, ಕೊನೆಯ ಮುಖದ ಕಣ್ಣಲ್ಲಿ ನೀರು. ತೊಡೆಯ ಮೂಳೆ ಮುರಿದು ಆಪರೇಷನ್ ಆಗಿ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮಲಗಿದ್ದ ನಮ್ಮಮ್ಮನ ಮುಂದೆ ಅದನ್ನು ಹಿಡಿದು, "ಅಜ್ಜಿ, ನೋವು ಯಾವ ಮುಖದ ಥರ ಇದೆ, ತೋರ್ಸಿ" ಎಂದಳು. ಅಮ್ಮ ಕಾರ್ಡನ್ನು ಸರಿಯಾಗಿ ನೋಡಲೂ ಇಲ್ಲ. "ಪರವಾಗಿಲ್ಲ ಕಣಮ್ಮ" ಎಂದಳು. ಹುಡುಗಿ ಬರೆದುಕೊಂಡು ಪಕ್ಕದ ಮಂಚಕ್ಕೆ ಹೋದಳು. ಅಮ್ಮನ ಕೈ ಮಾತ್ರ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದೇ ಇತ್ತು.

ಅಂಥ ಕಾರ್ಡನ್ನು ನಾನು ಮೊದಲು ನೋಡಿದ್ದು ನಮ್ಮ ಮಹಡಿ ಮನೆಯ ಡಾಕ್ಟರ ಕೈಯಲ್ಲಿ.

ಆಗ ನಾವು ಶಿಡ್ಲಘಟ್ಟದಲ್ಲಿದ್ದೆವು. ಕೆಳಗೆ ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ, ಬೆಂದ ಗೂಡಿನ ವಾಸನೆ ಗೋಡೆಗೂ ಹತ್ತಿಕೊಂಡಿತ್ತು. ಆ ವಾಸನೆ ಸಹಿಸಿಕೊಂಡು ಮೇಲಿನ ಮನೆಗೆ ಬಾಡಿಗೆಗೆ ಬಂದವರು ಅವರೊಬ್ಬರೇ. ಬಾಗಿಲಿಗೆ ಡಾಕ್ಟರು ಎಂಬ ಬೋರ್ಡಿರಲಿಲ್ಲ, ಮನೆ ಮುಂದೆ ರೋಗಿಗಳಿರಲಿಲ್ಲ. ಅವರು ಅರಿವಳಿಕೆ ತಜ್ಞರು. ಆಪರೇಷನ್ ಇರುವ ಕಡೆಯಿಂದ ಫೋನ್ ಬಂದರೆ ಸ್ಕೂಟರ್ ಹತ್ತಿ ಹೊರಡುತ್ತಿದ್ದರು. ಬೆಳಗ್ಗೆ ಚಿಂತಾಮಣಿ, ಮಧ್ಯಾಹ್ನ ಇನ್ನೆಲ್ಲೋ, ಕೆಲವು ದಿನ ಗೌರಿಬಿದನೂರಿನವರೆಗೂ. ಬೀದಿಯವರು ಅವರನ್ನು 'ಮತ್ತು ಬರಿಸೋ ಡಾಕ್ಟ್ರು' ಎನ್ನುತ್ತಿದ್ದರು. ಹೊಟ್ಟೆ ಕೊಯ್ದವರನ್ನು ಜನ ವರ್ಷಗಟ್ಟಲೆ ನೆನೆಯುತ್ತಾರೆ. ಮತ್ತು ಬರಿಸಿದವರ ಮುಖ ಯಾರಿಗೂ ನೆನಪಿರುವುದಿಲ್ಲ.

ನನಗೇ ಎಷ್ಟು ನೆನಪಿದೆ? ಸ್ಕೂಟರ್ ನೀಲಿ ಬಣ್ಣದ್ದು ಎಂದು ಬರೆಯಲು ಹೊರಟೆ. ಅಮ್ಮ ಹಸಿರು ಎನ್ನುತ್ತಾಳೆ. ಮೂರನೆಯವರನ್ನು ಕೇಳೋಣವೆಂದರೆ ಯಾರೂ ಉಳಿದಿಲ್ಲ. ಹೀಗೆ ಉಳಿದದ್ದನ್ನು ನೆನಪು ಎನ್ನಬೇಕೋ ಏನೋ... ಸ್ಕೂಟರ್ ಇತ್ತು, ಹಿಂದಿನ ಸೀಟಿನಲ್ಲಿ ನಾನಿದ್ದೆ. ಅಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ನಾನು ಚಿಂತಾಮಣಿಯಲ್ಲಿ ಬಿ.ಎಡ್. ಓದುತ್ತಿದ್ದೆ. ಅವರ ದಾರಿಯೂ ಅದೇ ಆದ್ದರಿಂದ ಬಸ್ಸಿನ ಕಾಟ ತಪ್ಪುತ್ತಿತ್ತು. ಆ ದಿನಗಳಲ್ಲಿ ಅವರು ಒಂದು ಸಂಶೋಧನೆ ಹಿಡಿದಿದ್ದರು. ಆಪರೇಷನ್ ಆದ ಮೇಲೆ ರೋಗಿಗೆ ಇರುವ ನೋವು ಎಷ್ಟು, ಡಾಕ್ಟರಿಗೆ ತಿಳಿಯುವ ನೋವು ಎಷ್ಟು ಎಂಬುದು ವಿಷಯ. ನಮ್ಮ ಕಡೆಯ ಜನ ಬಿಳಿ ಕೋಟು ಕಂಡರೆ ಸಾಕು, "ಪರವಾಗಿಲ್ಲ ಸಾರ್" ಅನ್ನುತ್ತಾರೆ. ತೆಲುಗಿನಲ್ಲಿ ಕೇಳಿದರೆ "ಪರ್ವಾಲೇದು". ಉರ್ದು ಮಾತಾಡುವವರು "ಠೀಕ್ ಹೈ ಸಾಬ್". ಕಾಗದದ ಮೇಲೆ ನಮ್ಮ ಸೀಮೆಯಲ್ಲಿ ಯಾರಿಗೂ ನೋವೇ ಇಲ್ಲ. ನೋವಿಲ್ಲ ಎಂದು ಬರೆದರೆ ನೋವಿನ ಇಂಜೆಕ್ಷನ್ನೂ ಇಲ್ಲ.

"ನಿಮಗೆ ಪ್ರಶ್ನೆ ಕೇಳೋದು ಕಲಿಸ್ತಾರಲ್ಲ ಮೇಷ್ಟ್ರೇ, ಬಂದು ಕೇಳಿ ನೋಡಿ" ಎಂದು ಆ ಕಾರ್ಡು ನನ್ನ ಕೈಗೆ ಕೊಟ್ಟರು. ಕೋಟಿಲ್ಲದವನು ಕೇಳಿದರೆ ನಿಜ ಹೇಳಿಯಾರು ಎಂಬ ಆಸೆ. ತರಗತಿಯಲ್ಲಿ ಪ್ರಶ್ನೆ ಹೇಗಿರಬೇಕೆಂದು ನಮಗೆ ಕಲಿಸಿದ್ದರು. ಸ್ಪಷ್ಟವಾಗಿರಬೇಕು, ಒಂದೇ ಉತ್ತರ ಬರುವಂತಿರಬೇಕು. ನನಗೆ ಒಂದೇ ಉತ್ತರ ಬರತೊಡಗಿತು.

ಚಿಂತಾಮಣಿಯ ಆಸ್ಪತ್ರೆಯಲ್ಲಿದ್ದ ಕೈವಾರದ ಕಡೆಯ ಒಬ್ಬ ಅಜ್ಜಿ ನೆನಪಿದ್ದಾಳೆ. ಗರ್ಭಕೋಶ ತೆಗೆದಿದ್ದರು. ಹಣೆಯ ಮೇಲೆ ಬೆವರು, ತುಟಿ ಒಣಗಿತ್ತು. ಕಾರ್ಡು ಹಿಡಿದೆ. ಬಹಳ ಹೊತ್ತು ನೋಡಿ ನಗುವ ಮುಖದ ಮೇಲೆ ಬೆರಳಿಟ್ಟಳು.

"ಅಜ್ಜಿ, ಅದು ನೋವೇ ಇಲ್ದೋರದು."

"ಗೊತ್ತು ಕಣಪ್ಪ. ಬೆಳ್ಬೆಳಗ್ಗೆ ಅಳೋ ಮುಖ ಯಾಕೆ ಮುಟ್ಟಾಣ?"

ಪಕ್ಕದಲ್ಲಿದ್ದ ಸೊಸೆ ನನ್ನನ್ನು ಆಚೆಗೆ ಕರೆದು, "ಅಷ್ಟು ಚೆನ್ನಾಗಿ ಆಪರೇಷನ್ ಮಾಡವ್ರೆ ಸಾರ್, ನೋವು ಅಂತ ಹೆಂಗೆ ಹೇಳಾದು? ಡಾಕ್ಟ್ರು ಬೇಜಾರ್ ಮಾಡ್ಕಳಲ್ವಾ?" ಎಂದಳು. ಊಟಕ್ಕೆ ಕರೆದವರ ಮನೆಯಲ್ಲಿ ಸಾರಿಗೆ ಉಪ್ಪಿಲ್ಲ ಎನ್ನಬಾರದಲ್ಲ, ಹಾಗೆ.

ಡಾಕ್ಟರು ಬಂದರು. ನಾನು ಬರೆದದ್ದನ್ನು ನೋಡಿದರು. ಸ್ಟೂಲ್ ಎಳೆದುಕೊಂಡು, ಸೊಂಟದ ಮೇಲೆ ಕೈಯಿಟ್ಟು, "ಅಮ್ಮಾ" ಎನ್ನುತ್ತಾ ಮೆಲ್ಲಗೆ ಕೂತರು.

"ಏನ್ ಸೊಂಟ ಅಂತೀಯ ಅಜ್ಜಿ. ಬೆಳಗ್ಗಿಂದ ಒಳಗೆ ಯಾರೋ ಮೊಳೆ ಹೊಡೀತಾ ಅವ್ರೆ."

ಅಜ್ಜಿ ಅರ್ಧ ತಲೆ ತಿರುಗಿಸಿದಳು. "ಡಾಕ್ಟ್ರಿಗೂ ಬರ್ತದಾ?"

"ಬರಲ್ವಾ? ನಿಂತು ನಿಂತು, ಗಾಡಿ ಮೇಲೆ ಕೂತು ಕೂತು. ಮಲಗಿದ್ರೆ ಎಡಗಾಲಿಗೆ ಇಳೀತದೆ."

"ಹರಳೆಣ್ಣೆ ಬಿಸಿ ಮಾಡಿ ಹಚ್ಚಪ್ಪ."

"ಹಚ್ಚಿದ್ದಾಯ್ತು. ಜಗ್ಗಲಿಲ್ಲ."

ಅಜ್ಜಿ ತಲೆಯನ್ನು ಪೂರ್ತಿ ಇತ್ತ ತಿರುಗಿಸಿದಳು. ಆಮೇಲೆ ಸೋತವಳ ಹಾಗೆ ಅಲ್ಲ, ಗೆದ್ದವಳ ಹಾಗೆ ಹೇಳಿದಳು: "ನಿಂದು ಮೊಳೆ. ನಂಗೆ ಇಲ್ಲಿ ಒಲೆ ಹಚ್ಚಿಟ್ಟಂಗೆ ಉರೀತೈತೆ. ಕಣ್ಣು ಮುಚ್ಚಿಲ್ಲ ನಾನು."

ಅವರು ಅಜ್ಜಿಯ ಕಡೆ ತಿರುಗದೆ ನರ್ಸಿಗೆ ಸನ್ನೆ ಮಾಡಿದರು. ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತಿಗೆ ಅಜ್ಜಿ ಬಾಯಿ ತೆರೆದುಕೊಂಡು ನಿದ್ದೆ ಹೋದಳು.

ವಾಪಸ್ ಬರುವಾಗ ನಾನು, "ಸಾರ್, ಚೆನ್ನಾಗಿ ಆಕ್ಟಿಂಗ್ ಮಾಡ್ತೀರ" ಎಂದೆ. ಅವರು ನಕ್ಕರು ಎಂದು ಇಷ್ಟು ವರ್ಷ ನಂಬಿದ್ದೆ. ಆದರೆ ಹಿಂದೆ ಕೂತವನಿಗೆ ಮುಂದಿನವರ ಮುಖ ಹೇಗೆ ಕಂಡೀತು? ಭುಜ ಅಲುಗಿದ್ದು ಕಂಡಿತ್ತು. ಆ ರಸ್ತೆಯಲ್ಲಿ ಗುಂಡಿಗಳೂ ಇದ್ದವು...

ಆಮೇಲೆ ಅದೇ ಅವರ ಪದ್ಧತಿಯಾಯಿತು. ಮೊದಲು ತಮ್ಮ ನೋವು ಇಡುವುದು, ಆಮೇಲೆ ರೋಗಿಯ ನೋವಿಗೆ ಕಾಯುವುದು. ನಮ್ಮ ನೂಲಿನ ಮನೆಯಲ್ಲಿ ಹೆಂಗಸರು ಬಿಸಿನೀರಿಗೆ ಕೈ ಅದ್ದಿಕೊಂಡು ದಿನವಿಡೀ ಮಾಡುತ್ತಿದ್ದುದೂ ಅದೇ. ಒಬ್ಬಳು ಬೆರಳು ಒಡೆದಿದೆ ಎಂದರೆ ಇನ್ನೊಬ್ಬಳು ಬೆನ್ನುನೋವಿನ ಮಾತು ತೆಗೆಯುತ್ತಿದ್ದಳು. ಡಾಕ್ಟರು ಮಹಡಿಯ ಮೆಟ್ಟಿಲಲ್ಲಿ ಕೂತು ಅದನ್ನು ಕೇಳಿಯೇ ಕಲಿತರು ಎಂದು ಬರೆದರೆ ಕತೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಅವರು ಮೆಟ್ಟಿಲಲ್ಲಿ ಕೂತದ್ದನ್ನು ನಾನು ನೋಡಿಲ್ಲ.

ನರ್ಸುಗಳು ಅವರನ್ನು 'ಸೊಂಟನೋವಿನ ಡಾಕ್ಟ್ರು' ಎನ್ನತೊಡಗಿದರು. "ಸಾರ್, ಇವತ್ತು ಎಡಗಾಲಿಗೋ ಬಲಗಾಲಿಗೋ?" ಎಂದು ರೇಗಿಸುತ್ತಿದ್ದರು. "ಎಡಗಾಲಿಗೇ ಕಣಮ್ಮ. ಬಲಗಾಲು ಇನ್ನೂ ನನ್ ಪಾರ್ಟಿ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ. ಕಟ್ಟಿ ಹೇಳುವವನು ಒಮ್ಮೆಯಾದರೂ ಕಾಲು ಬದಲಾಯಿಸುತ್ತಾನೆ. ಅವರದು ಎಲ್ಲ ಊರಿನಲ್ಲೂ, ಎಲ್ಲ ಮಂಚದ ಪಕ್ಕದಲ್ಲೂ ಎಡಗಾಲೇ ಆಗಿತ್ತು. ಆಗ ಇದು ಹೊಳೆಯಲಿಲ್ಲ. ಈಗ ಹೊಳೆಯುವುದಕ್ಕೆ ಏನು ಬೆಲೆ.

ಸಂಶೋಧನೆಯನ್ನು ಬರೆದು ಯಾವುದೋ ಪತ್ರಿಕೆಗೆ ಕಳಿಸಿದರು. ಅದು ವಾಪಸ್ ಬಂತು. ಕೇಳುವವನು ಮೊದಲೇ ತನ್ನ ನೋವು ಹೇಳಿಕೊಂಡರೆ ರೋಗಿಯ ಉತ್ತರ ಬದಲಾಗುತ್ತದೆ, ಆದ್ದರಿಂದ ಇದನ್ನು ಅಳತೆ ಎನ್ನಲಾಗದು ಎಂಬುದು ಪತ್ರಿಕೆಯವರ ತಕರಾರು. ಸ್ಕೂಟರ್ ಒದೆಯುತ್ತಾ ನನಗೆ ಹೇಳಿದರು: "ಬದಲಾಗ್ಲಿ ಅಂತಾನೇ ಅಲ್ವೇನಪ್ಪ ಹೇಳೋದು?" ಆಮೇಲೆ ಮತ್ತೆ ಕಳಿಸಿದರೋ ಇಲ್ಲವೋ. ನನ್ನ ಓದು ಮುಗಿಯಿತು, ಗೌರಿಬಿದನೂರಿನ ಕಡೆ ಕೆಲಸ ಸಿಕ್ಕಿತು. ಅವರೂ ಮನೆ ಖಾಲಿ ಮಾಡಿ ಚಿಕ್ಕಬಳ್ಳಾಪುರಕ್ಕೆ ಹೋದರು.

ಕೆಲವು ವರ್ಷದ ಮೇಲೆ ಯಾರೋ ಹೇಳಿದರು, ಅವರು ಹಾಸಿಗೆ ಹಿಡಿದಿದ್ದಾರೆ ಎಂದು. ನೋಡಲು ಹೋದೆ. ಬೆನ್ನುಮೂಳೆಯಲ್ಲಿ ಗಂಟು ಬೆಳೆದಿತ್ತು. ಬಹಳ ದಿನದ್ದಂತೆ, ತಿಳಿದದ್ದು ತಡವಾಗಿ. ನಾನು ಹೋದಾಗ ಅವರು ನಿದ್ದೆಯಲ್ಲಿದ್ದರು. ಅವರ ಹೆಂಡತಿ ಕಾಫಿ ಕೊಟ್ಟರು. ಕಿಟಕಿಯ ಮೊಳೆಗೆ ಅಗಲವಾದ ಸೊಂಟದ ಬೆಲ್ಟೊಂದು ನೇತಾಡುತ್ತಿತ್ತು, ಅಂಚು ಸವೆದು ದಾರ ಬಿಟ್ಟಿತ್ತು.

"ಶಿಡ್ಲಘಟ್ಟದಲ್ಲಿ ಇದ್ದಾಗ್ಲಿಂದ ಅಂಗಿ ಒಳಗೆ ಹಾಕ್ಕೊಳ್ತಾ ಇದ್ರು" ಎಂದರು ಆಕೆ. "ನೀವು ದಿನಾ ಗಾಡೀಲಿ ಜೊತೆಗೆ ಹೋಗ್ತಿದ್ರಲ್ಲ. ನಿಮ್ಮತ್ರ ಏನೂ ಹೇಳ್ತಿರ್ಲಿಲ್ವಾ?"

"ಹೇಳ್ತಿದ್ರು" ಎಂದೆ.

ಹೇಳುತ್ತಿದ್ದರು. ನನ್ನ ಎದುರಿಗೇ, ಯಾರ್ಯಾರಿಗೋ, ಮೊಳೆ ಎಂದು, ಎಡಗಾಲು ಎಂದು. ಕೇಳಿದ ರೋಗಿಗಳು ಎಣ್ಣೆ ಹಚ್ಚಲು ಹೇಳಿದರು. ನಾವು ನಟನೆಯೆಂದು ನಕ್ಕೆವು, ಚಪ್ಪಾಳೆಯೊಂದು ತಟ್ಟಲಿಲ್ಲ, ಅಷ್ಟೆ. ಅಥವಾ ಮೊದಮೊದಲು ಅದು ನಟನೆಯೇ ಆಗಿತ್ತೇನೋ, ನೋವು ಹಿಂದಿನಿಂದ ಬಂದು ಸೇರಿಕೊಂಡಿತೇನೋ. ಬೆಲ್ಟನ್ನು ನೋಡಿದ ಮೇಲೆ ನಾನು ಹಳೆಯ ದಿನಗಳನ್ನೆಲ್ಲ ತಿದ್ದಿಕೊಂಡಿರಬಹುದು. ಗೊತ್ತಿಲ್ಲ. ಅವರು ಏಳುವವರೆಗೆ ಕಾಯಲಿಲ್ಲ, ಕೊನೆಯ ಬಸ್ಸಿತ್ತು. ಆ ಮಳೆಗಾಲ ಕಳೆಯುವುದರೊಳಗೆ ಅವರು ಹೋಗಿಬಿಟ್ಟರು.

ಈಗ ಈ ವಾರ್ಡು. ಅಮ್ಮನ ಬೆರಳ ಗೆಣ್ಣುಗಳು ಕಂಬಿಯ ಮೇಲೆ ಬಿಳಿಚಿಕೊಂಡಿದ್ದವು. ನರ್ಸ್ ಹುಡುಗಿಯನ್ನು ಕರೆದು 'ಸುಳ್ಳು ಹೇಳ್ತಿದ್ದಾರೆ' ಎಂದರೆ ಅಮ್ಮ ಇನ್ನೂ ಗಟ್ಟಿಯಾಗಿ ಪರವಾಗಿಲ್ಲ ಎನ್ನುತ್ತಾಳೆ. ಈಗಾಗಲೇ ಎರಡು ಸಲ ಹಾಗೆ ಆಗಿತ್ತು. ನಾನು ಸ್ಟೂಲ್ ಎಳೆದುಕೊಂಡೆ. ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತೆ.

"ಅಮ್ಮಾ, ಏನ್ ಮಂಡಿ ನೋವೋ. ಮೆಟ್ಟಿಲು ಹತ್ತಿದ್ರೆ ಒಳಗೆ ಗಾಜು ಒಡೆದಂಗೆ ಆಗ್ತದೆ."

ಅಮ್ಮ ಕಣ್ಣು ತೆರೆದಳು. "ನಿಂದೇನೋ ಗಾಜು" ಎಂದಳು. ಕಂಬಿ ಬಿಡದೆಯೇ, "ನಂಗೆ ಮೂಳೆನ ಗರಗಸದಲ್ಲಿ ಕುಯ್ತಾ ಇರೋ ಹಂಗೆ ಆಗ್ತೈತೆ ಕಣೋ. ಉಸಿರು ಬಿಟ್ರೂ ಆಗ್ತೈತೆ" ಎಂದಳು.

ಹುಡುಗಿ ಎರಡು ಮಂಚದಾಚೆಯಿಂದ ಕೇಳಿಸಿಕೊಂಡಳು. ಡಾಕ್ಟರನ್ನು ಕೇಳಿ ಬಂದು ಇಂಜೆಕ್ಷನ್ ಕೊಟ್ಟಳು. ಕಂಬಿ ಹಿಡಿದಿದ್ದ ಕೈ ನಿಧಾನವಾಗಿ ಸಡಿಲವಾಯಿತು. ಕಾರ್ಡು ಅವಳ ಕೊರಳಲ್ಲಿ ತಿರುಗುಮುರುಗಾಗಿ ತೂಗುತ್ತಿತ್ತು, ಮುಖಗಳು ಒಳಗಡೆಗೆ.

ನಿದ್ದೆ ಹತ್ತುವ ಮುಂಚೆ ಅಮ್ಮ ನನ್ನ ಮಂಡಿಯ ಮೇಲೆ ಕೈಯಿಟ್ಟಳು.

"ನಿಜವಾಗ್ಲೂ ನೋಯ್ತದೇನೋ ನಿಂಗೆ?"

ಮಹಡಿಯ ಡಾಕ್ಟರನ್ನು ನಾನು ಇಷ್ಟೇ ಕೇಳಬಹುದಾಗಿತ್ತು. ಸ್ಕೂಟರಿನ ಹಿಂದೆ ಕೂತು, ಭುಜ ಅಲುಗಿದಾಗ.

ಅಮ್ಮನಿಗೆ ಏನು ಹೇಳುವುದೆಂದು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.